ಲೈವ್ ಮಧ್ಯೆ ಓಬಿಎಸ್ ಮಾಯ ಆದ್ರೆ ಬೈಯೋದು ಯಾರನ್ನ?

ವಿರಾಜಪೇಟೆಯ ಒಂದು ಮಂಟಪ, ನಾನು ಮದುವೆ ಲೈವ್ ಮಾಡ್ತಿದೀನಿ, ಗಂಡಿನ ಕಡೆಯವರು ಬಾಳೆ ಕಡಿಯೋಕೆ ಅಂತ ಒಡಿಕತ್ತಿ ಎತ್ತಿದಾರೆ, ವಾಲಗದವರು ಕಿವಿ ಕಿತ್ತೋಗೋ ಹಾಗೆ ಬಾರಿಸ್ತಿದಾರೆ, ನಾನು ಎರಡನೇ ಕ್ಯಾಮೆರಾಕ್ಕೆ ಸ್ವಿಚ್ ಮಾಡೋಣ ಅಂತ ಮೌಸ್ ಮೇಲೆ ಕೈ ಇಟ್ಟೆ ಅಷ್ಟೇ, ಲೈವ್ ಕಳಿಸೋ ಸಾಫ್ಟ್‌ವೇರ್ ಓಬಿಎಸ್ ಇಲ್ಲ. ಎರರ್ ಇಲ್ಲ, ಹ್ಯಾಂಗ್ ಇಲ್ಲ, ಏನೂ ಇಲ್ಲ, ಡೆಸ್ಕ್‌ಟಾಪ್ ವಾಲ್‌ಪೇಪರಲ್ಲಿ ಅಬ್ಬಿ ಫಾಲ್ಸ್ ತನ್ನ ಪಾಡಿಗೆ ತಾನು ಸುರೀತಾ ಇದೆ. ಮತ್ತೆ ಓಪನ್ ಮಾಡಿ ಸ್ಟಾರ್ಟ್ ಸ್ಟ್ರೀಮಿಂಗ್ ಒತ್ತೋ ಅಷ್ಟರಲ್ಲಿ ಬಾಳೆ ಎಲ್ಲ ಬಿದ್ದಾಗಿತ್ತು. ದುಬೈಯಿಂದ ಹುಡುಗಿಯ ಚಿಕ್ಕಮ್ಮ ಫೋನು, "ಏನಪ್ಪಾ, ಅಡ್ವಾನ್ಸ್ ತಗೊಂಡಿದೀಯ ತಾನೆ ನೀನು?"

ಆವತ್ತು ಒಟ್ಟು ಮೂರು ಸಲ ಹೀಗಾಯ್ತು. ಎರಡು ಸಲ ಓಬಿಎಸ್ ಒಂದೇ ಕ್ಲೋಸ್ ಆಗಿದ್ದು, ಮೂರನೇ ಸಲ ಊಟದ ಹೊತ್ತಲ್ಲಿ ಇಡೀ ಪಿಸಿನೇ ರೀಸ್ಟಾರ್ಟ್. ಮನೆಗೆ ಬಂದು ನಾನು ಮಾಡಿದ್ದು ಎಲ್ಲರೂ ಮಾಡೋದೇ, ಓಬಿಎಸ್ ಅನ್‌ಇನ್‌ಸ್ಟಾಲ್, ಮತ್ತೆ ಇನ್‌ಸ್ಟಾಲ್, ಹಳೇ ವರ್ಷನ್ ಹಾಕಿ ನೋಡೋದು, ಹೊಸ ವರ್ಷನ್ ಹಾಕಿ ನೋಡೋದು, ಕೊನೆಗೆ ವಿಂಡೋಸ್ ಫಾರ್ಮ್ಯಾಟ್. ಎರಡು ವಾರ ಹಾಳು. ಓಬಿಎಸ್‌ದು ತಪ್ಪೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಈಗ ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಕಡೆ ಲೈವ್ ಮಾಡೋ ಹುಡುಗರು ಇದೇ ಪ್ರಾಬ್ಲಮ್ ಅಂತ ಫೋನ್ ಮಾಡ್ತಿರ್ತಾರೆ, ಪ್ರತಿಯೊಬ್ಬರಿಗೂ ಮೊದಲಿಂದ ಹೇಳೋಕೆ ಸಾಕಾಗಿದೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದು ಇಡ್ತಿದೀನಿ.

ಫೋನ್ ಮಾಡಿದವರ ಮೊದಲನೇ ಮಾತು "ಅಣ್ಣಾ ಸ್ಟ್ರೀಮ್ ಹೋಯ್ತು". ಹೋಯ್ತು ಅಂದ್ರೆ ಯಾವ ತರ ಹೋಯ್ತು ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಮಳೆಗೆ ಮರ ಬಿದ್ದು ಫೈಬರ್ ಕಟ್ ಆದ್ರೂ ನೋಡೋರಿಗೆ ಸ್ಟ್ರೀಮ್ ಹೋಗುತ್ತೆ, ಆದ್ರೆ ಓಬಿಎಸ್ ಅಲ್ಲೇ ಕೂತಿರುತ್ತೆ, ಕೆಳಗಡೆ ರೀಕನೆಕ್ಟಿಂಗ್ ಅಂತ ತೋರಿಸ್ತಾ. ಚಿತ್ರ ತಡವರಿಸ್ತಿದ್ರೆ ವ್ಯೂ ಮೆನು, ಅಥವಾ ಹೊಸ ವರ್ಷನಲ್ಲಿ ಡಾಕ್ಸ್ ಮೆನು, ಅದರೊಳಗೆ ಸ್ಟ್ಯಾಟ್ಸ್ ಅಂತ ಇದೆ, ಅದನ್ನ ತೆಗೆದು ನೋಡಿ, ಅಲ್ಲಿ ಮೂರು ಬೇರೆ ಬೇರೆ ಲೆಕ್ಕ ಇರುತ್ತೆ. ನೆಟ್‌ವರ್ಕಿಂದ ಡ್ರಾಪ್ ಆದ ಫ್ರೇಮ್ ಅಂದ್ರೆ ಇಂಟರ್ನೆಟ್, ಎನ್‌ಕೋಡಿಂಗ್ ಲ್ಯಾಗ್ ಅಂದ್ರೆ ವೀಡಿಯೋ ಕಂಪ್ರೆಸ್ ಮಾಡೋ ಕೆಲಸ ಪ್ರೊಸೆಸರಿಗೋ ಗ್ರಾಫಿಕ್ಸ್ ಕಾರ್ಡಿಗೋ ಭಾರ ಆಗ್ತಿದೆ, ರೆಂಡರಿಂಗ್ ಲ್ಯಾಗ್ ಅಂದ್ರೆ ಸೀನ್ ಜೋಡಿಸೋಕೇ ಗ್ರಾಫಿಕ್ಸ್ ಕಾರ್ಡಿಗೆ ಪುರುಸೊತ್ತಿಲ್ಲ. ಇವು ಮೂರೂ ಕ್ರ್ಯಾಶ್ ಅಲ್ಲ, ಸೆಟ್ಟಿಂಗ್ ಇಳಿಸಿದ್ರೆ ಸರಿ ಹೋಗೋವು, ಇಲ್ಲಿಗೆ ಬಿಡೋಣ. ನಾನು ಹೇಳ್ತಿರೋದು ಪ್ರೋಗ್ರಾಮೇ ಮಾಯ ಆಗೋದು, ಸ್ಕ್ರೀನ್ ಕಪ್ಪಾಗಿ ವಾಪಸ್ ಬರೋದು, ಬ್ಲೂ ಸ್ಕ್ರೀನ್ ಬರೋದು, ಮೆಷಿನ್ ತಾನಾಗೇ ರೀಸ್ಟಾರ್ಟ್ ಆಗೋದು, ಇಂಥವು.

ತೋಟ ಇರೋರಿಗೆ ಇದನ್ನ ಹೇಳೋದು ಸುಲಭ. ಆನೆ ದಿನಾ ಬೇಲಿಯ ಒಂದೇ ಜಾಗದಲ್ಲಿ ನುಗ್ತಿದೆ ಅಂದ್ರೆ ಅಲ್ಲಿ ಒಳಗಡೆ ಹಲಸಿನ ಮರ ಇದೆ, ಹಣ್ಣಾಗೋ ಮುಂಚೆನೇ ಕಾಯಿ ಕೀಳಿಸಿದ್ರೆ ಆ ಕಡೆ ಬರೋದು ಕಮ್ಮಿ ಆಗುತ್ತೆ. ಆದ್ರೆ ಇವತ್ತು ಮೇಲಿನ ಗೇಟ್ ಹತ್ರ, ನಾಳೆ ಕೆರೆ ಪಕ್ಕ, ನಾಳಿದ್ದು ಲೈನ್ ಮನೆ ಹಿಂದೆ ಅಂತ ಎಲ್ಲೆಂದ್ರಲ್ಲಿ ನುಗ್ತಿದೆ ಅಂದ್ರೆ ಮರ ಹುಡುಕ್ಕೊಂಡು ಹೋಗಿ ಪ್ರಯೋಜನ ಇಲ್ಲ, ಸೋಲಾರ್ ಬೇಲಿಲಿ ಕರೆಂಟೇ ಹರೀತಿಲ್ಲ, ಹೋಗಿ ಬ್ಯಾಟರಿ ನೋಡಿ. ಕ್ರ್ಯಾಶ್‌ದೂ ಇದೇ ಲೆಕ್ಕ. ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಕೆಲಸ ಮಾಡುವಾಗ ಬಿದ್ರೆ ಸಾಫ್ಟ್‌ವೇರ್ ಕಡೆ ನೋಡ್ಬೇಕು, ಸಲಕ್ಕೊಂದು ಜಾಗದಲ್ಲಿ ಬಿದ್ರೆ ಮೆಷಿನ್ ಕಡೆ. ನೂರಕ್ಕೆ ನೂರು ಅಲ್ಲ, ಡ್ರೈವರ್ ಕೆಟ್ಟಿದ್ರೂ ಕೆಲವೊಮ್ಮೆ ಹೀಗೆ ಅಡ್ಡಾದಿಡ್ಡಿ ಬೀಳುತ್ತೆ, ಆದ್ರೂ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗೋಕೆ ಇಷ್ಟು ಸಾಕು.

ಜಾಗ ನೋಡೋದು ಎಲ್ಲಿ ಅಂದ್ರೆ ಮೂರು ಕಡೆ. ಓಬಿಎಸ್ ಹೆಲ್ಪ್ ಮೆನುನಲ್ಲಿ ಲಾಗ್ ಫೈಲ್ಸ್, ಕ್ರ್ಯಾಶ್ ರಿಪೋರ್ಟ್ಸ್ ಅಂತ ಎರಡೂ ಇದೆ. ಕ್ರ್ಯಾಶ್ ರಿಪೋರ್ಟೇ ಹುಟ್ಟಿಲ್ಲ, ಲಾಗ್ ವಾಕ್ಯದ ಮಧ್ಯದಲ್ಲೇ ನಿಂತು ಹೋಗಿದೆ ಅಂದ್ರೆ ಅದೂ ಒಂದು ಸುಳಿವೇ, ಬರೆಯೋಕೂ ಪುರುಸೊತ್ತು ಸಿಗದೆ ಹೋಗಿದೆ ಅಂತ. ಎರಡನೇದು ವಿಂಡೋಸ್‌ನ ರಿಲಯಬಿಲಿಟಿ ಹಿಸ್ಟರಿ, ಸ್ಟಾರ್ಟಲ್ಲಿ ರಿಲಯಬಿಲಿಟಿ ಅಂತ ಹೊಡೆದ್ರೆ ಬರುತ್ತೆ, ದಿನಾ ದಿನಾ ಏನೇನು ಬಿತ್ತು ಅಂತ ಕ್ಯಾಲೆಂಡರ್ ತರ ಕೆಂಪು ಗುರುತು ಹಾಕಿಟ್ಟಿರುತ್ತೆ, ನನ್ನ ಮಟ್ಟಿಗೆ ವಿಂಡೋಸಲ್ಲಿ ಇದಕ್ಕಿಂತ ಉಪಯೋಗದ್ದು, ಇದಕ್ಕಿಂತ ಯಾರೂ ನೋಡದೇ ಇರೋದು ಇನ್ನೊಂದಿಲ್ಲ. ಮೂರನೇದು ಇವೆಂಟ್ ವ್ಯೂವರ್, ವಿಂಡೋಸ್ ತನ್ನೊಳಗೆ ಏನೇನಾಯ್ತು ಅಂತ ಬರೆದಿಡೋ ಡೈರಿ. ಅಲ್ಲಿ ಅಪ್ಲಿಕೇಶನ್ ಎರರ್, ನಂಬರ್ 1000 ಅಂತ ಇರೋದನ್ನ ತೆಗೆದ್ರೆ ಫಾಲ್ಟಿಂಗ್ ಮಾಡ್ಯೂಲ್ ಅಂತ ಯಾವ ಫೈಲಲ್ಲಿ ಬಿತ್ತು ಅನ್ನೋ ಹೆಸರು, ಎಕ್ಸೆಪ್ಶನ್ ಕೋಡ್ ಅಂತ ಯಾವ ತರ ಬಿತ್ತು ಅನ್ನೋ ನಂಬರ್ ಸಿಗುತ್ತೆ. ಇವೆರಡನ್ನೂ ಒಂದು ಪುಸ್ತಕದಲ್ಲಿ ಬರೀತಾ ಹೋಗಿ. ಮೊಬೈಲ್ ನೋಟ್ಸ್ ಆದ್ರೂ ಪರವಾಗಿಲ್ಲ, ಆದ್ರೆ ಬರೀರಿ.

ನಾನು ಬರೆದಿದ್ದು ಅಂಗಡಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಲಿ. ಒಂದು ದಿನ ಎನ್‌ಟಿಡಿಎಲ್‌ಎಲ್, ಇನ್ನೊಂದು ದಿನ ಗ್ರಾಫಿಕ್ಸ್ ಡ್ರೈವರ್ ಫೈಲು, ಮತ್ತೊಂದು ದಿನ ಓಬಿಎಸ್‌ದೇ ಸ್ವಂತ ಫೈಲು, ಮಧ್ಯೆ ಬ್ರೌಸರ್ ಟ್ಯಾಬ್ ಎರಡು ಸಲ "ಅಯ್ಯೋ" ಅಂತ ಬಿದ್ದಿದೆ. ಇನ್ನೊಂದು ನಾನು ಗಮನಿಸಿಯೂ ಗಮನಿಸದೆ ಬಿಟ್ಟಿದ್ದು ಏನಂದ್ರೆ ಮದುವೆ ಫೋಟೋಗಳ ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ ಅಂತ ಬಂತು, ಅಂದ್ರೆ ಫೈಲಿನ ತಾಳೆ ಲೆಕ್ಕ ಕೂಡ್ತಿಲ್ಲ ಅಂತ, ಥೂ ಡೌನ್‌ಲೋಡ್ ಸರಿ ಆಗಿಲ್ಲ ಅಂದ್ಕೊಂಡು ಮತ್ತೆ ಬಿಚ್ಚಿದೆ, ಅದೇ ಫೈಲು, ಸರಿಯಾಗಿ ಬಿಚ್ಚಿಕೊಳ್ತು. ಅಲ್ಲೇ ಗೊತ್ತಾಗ್ಬೇಕಿತ್ತು ನನಗೆ. ಡಿಸ್ಕಲ್ಲಿರೋ ಫೈಲ್ ಬದಲಾಗಿಲ್ಲ, ಆದ್ರೂ ಲೆಕ್ಕ ಒಂದು ಸಲ ತಪ್ಪು, ಒಂದು ಸಲ ಸರಿ ಅಂದ್ರೆ ಲೆಕ್ಕ ಮಾಡ್ತಿರೋ ಮೆಷಿನೇ ತಡವರಿಸ್ತಿದೆ ಅಂತ ತಾನೆ?

ಎನ್‌ಟಿಡಿಎಲ್‌ಎಲ್ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಸುಮಾರು ಜನ ಆ ಹೆಸರು ನೋಡಿ ಯಾವುದೋ ಸೈಟಿಂದ ಡಿಎಲ್‌ಎಲ್ ಇಳಿಸಿ ತಂದು ಹಾಕ್ತಾರೆ. ದಯವಿಟ್ಟು ಬೇಡ. ಅದು ವಿಂಡೋಸ್‌ನ ತಳಪಾಯದ ಫೈಲು, ಮೆಮೊರಿ ಹಂಚೋ ಕೆಲಸ ಅದರಲ್ಲಿ ನಡೆಯುತ್ತೆ, ಬೇರೆ ಎಲ್ಲೋ ಹಾಳಾಗಿರೋದು ಅಲ್ಲಿಗೆ ಬಂದಾಗ ಬಯಲಾಗುತ್ತೆ ಅಷ್ಟೇ. ಹೆಣ ತೇಲಿದ್ದು ಕೆರೆ ಈ ದಡದಲ್ಲಿ ಅಂತ ಈ ದಡದವನನ್ನ ಹಿಡಿಯೋಕಾಗಲ್ಲ.

"ಗೇಮ್ ಆಡಿದ್ರೆ ಏನೂ ಆಗಲ್ಲ, ಓಬಿಎಸ್ ಮಾತ್ರ ಬೀಳುತ್ತೆ, ಹಾಗಾದ್ರೆ ಓಬಿಎಸ್‌ದೇ ಅಲ್ವಾ ಅಣ್ಣಾ" ಅಂತ ಕೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಲೈವ್ ಅಂದ್ರೆ ಆ ಡಬ್ಬದ ಒಳಗೆ ಏನೇನು ನಡೆಯುತ್ತೆ ಅಂತ ಒಂದು ಸಲ ಯೋಚನೆ ಮಾಡಿ. ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಂದ ಕ್ಯಾಮೆರಾದ ಚಿತ್ರ ಬರ್ತಿದೆ, ಗ್ರಾಫಿಕ್ಸ್ ಕಾರ್ಡ್ ಸೀನ್ ಜೋಡಿಸ್ತಿದೆ, ಎನ್‌ಕೋಡರ್ ಕಂಪ್ರೆಸ್ ಮಾಡ್ತಿದೆ, ಡಿಸ್ಕಿಗೆ ರೆಕಾರ್ಡಿಂಗ್, ನೆಟ್‌ಗೆ ಅಪ್‌ಲೋಡ್, ಎಲ್ಲಾ ಒಟ್ಟಿಗೆ, ಆರು ಗಂಟೆ ಬಿಡುವಿಲ್ಲದೆ. 1920 ಗುಣಿಸು 1080 ಅಂದ್ರೆ ಒಂದು ಫ್ರೇಮಲ್ಲಿ 20 ಲಕ್ಷದ 73 ಸಾವಿರದ 600 ಚುಕ್ಕಿ, ಚುಕ್ಕಿಗೆ 4 ಬೈಟ್ ಹಿಡಿದ್ರೆ ಸುಮಾರು 8.3 ಎಂಬಿ, ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಹತ್ತಿರ ಹತ್ತಿರ 250 ಎಂಬಿ, ಇದು ಒಂದೇ ಒಂದು ಕ್ಯಾಮೆರಾದ್ದು. ಇಷ್ಟೂ ರ‍್ಯಾಮ್ ಮೇಲೆ ಓಡಾಡ್ತಾ ಇರುತ್ತೆ.

ಈಗ ರ‍್ಯಾಮಲ್ಲಿ ಎಲ್ಲೋ ಒಂದು ಬಿಟ್ ಕೈ ಕೊಡ್ತು ಅಂತ ಇಟ್ಕೊಳ್ಳಿ, 0 ಇದ್ದಿದ್ದು 1 ಆಯ್ತು. ಆ ಬಿಟ್ ಯಾವುದೋ ಚುಕ್ಕಿದಾದ್ರೆ ಮದುವೆ ಹೆಣ್ಣಿನ ಕೆಂಪು ಸೀರೆಯ ಒಂದು ಚುಕ್ಕಿ ಒಂದು ಫ್ರೇಮ್ ಮಟ್ಟಿಗೆ ಬಣ್ಣ ಬದಲಾಯ್ಸುತ್ತೆ, ಯಾರಿಗೂ ಕಾಣಲ್ಲ. ಅದೇ ಬಿಟ್ ಒಂದು ಅಡ್ರೆಸ್‌ದಾದ್ರೆ, ಅಂದ್ರೆ "ಮುಂದಿನ ಫ್ರೇಮ್ ಇಂಥ ಜಾಗದಲ್ಲಿದೆ" ಅಂತ ಬರೆದಿಟ್ಟ ನಂಬರಲ್ಲಿ ಆದ್ರೆ, ಪ್ರೋಗ್ರಾಮ್ ಮಡಿಕೇರಿಗೆ ಹೋಗೋ ಬದಲು ಮಡಗಾಂವ್‌ಗೆ ಹೋಗುತ್ತೆ, ಅದು ತನ್ನದಲ್ಲದ ಜಾಗ, ವಿಂಡೋಸ್ ಅಲ್ಲೇ ಹಿಡಿದು ಮುಗಿಸುತ್ತೆ. ಆಗ ಬರೋ ಕೋಡೇ ಸಿ0000005, ಆಕ್ಸೆಸ್ ವಯೋಲೇಶನ್. ಹಾಳಾದ ಬಿಟ್ ಅದೇ ಇರಬಹುದು, ಆದ್ರೆ ಆ ಹೊತ್ತಿಗೆ ಅಲ್ಲಿ ಯಾರ ಡೇಟಾ ಕೂತಿರುತ್ತೋ ಅವರಿಗೆ ಏಟು. ಅದಕ್ಕೇ ಒಂದು ದಿನ ಡ್ರೈವರ್, ಒಂದು ದಿನ ಬ್ರೌಸರ್, ಮೂರು ದಿನ ಏನೂ ಇಲ್ಲ. ರ‍್ಯಾಂಡಮ್ ಅಂತ ಅನ್ನಿಸೋದು ಹೀಗೆ. ಮೆಮೊರಿ ಇಷ್ಟು ಬಳಸದ ಕೆಲಸದಲ್ಲಿ ಆ ಹಾಳಾದ ಮೂಲೆಗೆ ಯಾರೂ ಹೋಗೋದೇ ಇಲ್ಲ, ಹಾಗಾಗಿ ಮೆಷಿನ್ ಚೆನ್ನಾಗೇ ಇದೆ ಅನ್ಸುತ್ತೆ.

ಹಾರ್ಡ್‌ವೇರ್ ಮೇಲೆ ಡೌಟ್ ಬಂದ್ರೂ ಮೊದಲು ಸಾಫ್ಟ್‌ವೇರ್ ಕಡೆ ಒಂದು ಸುತ್ತು ಹಾಕಿ, ಖರ್ಚಿಲ್ಲ. ಹೊಸ ಓಬಿಎಸಲ್ಲಿ ಸೇಫ್ ಮೋಡ್ ಇದೆ, ನಾವು ಹೊರಗಡೆಯಿಂದ ತಂದು ಸೇರಿಸಿದ ಪ್ಲಗಿನ್, ಸ್ಕ್ರಿಪ್ಟ್ ಯಾವುದೂ ಲೋಡ್ ಆಗಲ್ಲ, ಅದರಲ್ಲಿ ಬೀಳದೇ ಇದ್ರೆ ಪ್ಲಗಿನ್‌ಗಳನ್ನ ಅರ್ಧ ತೆಗೆದು ನೋಡಿ, ಬಿದ್ರೆ ಉಳಿದಿರೋದರಲ್ಲಿ ಮತ್ತೆ ಅರ್ಧ, ಹದಿನಾರು ಪ್ಲಗಿನ್ ಇದ್ರೂ ನಾಲ್ಕು ಸಲದಲ್ಲಿ ಕಳ್ಳ ಸಿಗ್ತಾನೆ. 2022ರಲ್ಲಿ ಓಬಿಎಸ್ 28 ಬಂದಾಗ ಒಳಗಿನ ಕ್ಯೂಟಿ ಅನ್ನೋ ಚೌಕಟ್ಟು 6ಕ್ಕೆ ಬದಲಾಯ್ತು, ಆಗ ಹಳೇ ಪ್ಲಗಿನ್ ಎಷ್ಟೋ ಕೈ ಕೊಟ್ಟವು, ಈಗ್ಲೂ ಕೆಲವರು ಆ ಕಾಲದ್ದೇ ಫೈಲ್ ಪೆನ್‌ಡ್ರೈವಲ್ಲಿ ಇಟ್ಕೊಂಡು ಪ್ರತಿ ಮೆಷಿನ್ನಿಗೂ ಹಾಕ್ತಾರೆ. ಸೋಮವಾರಪೇಟೆ ಹುಡುಗನ ಕೇಸ್ ಇದೇ ಆಗಿತ್ತು. ಹಾಕಿ ಮ್ಯಾಚಲ್ಲಿ ಸ್ಕೋರ್‌ಬೋರ್ಡ್ ಸೀನಿಗೆ ಸ್ವಿಚ್ ಮಾಡಿದಾಗ ಮಾತ್ರ ಬೀಳೋದು, ಪ್ರತಿ ಸಲ ಅದೇ ಮಾಡ್ಯೂಲ್ ಹೆಸರು. ಹಲಸಿನ ಮರ. ಪ್ಲಗಿನ್ ಅಪ್‌ಡೇಟ್ ಮಾಡಿದ, ಹತ್ತು ನಿಮಿಷದ ಕೆಲಸ, ಅದಕ್ಕೆ ಅವನು ಹೊಸ ಗ್ರಾಫಿಕ್ಸ್ ಕಾರ್ಡಿಗೆ ಸಾಲ ಕೇಳೋಕೆ ಹೊರಟಿದ್ದ.

ಸ್ಕ್ರೀನ್ ಮೇಲೆ ಎಫ್‌ಪಿಎಸ್ ತೋರಿಸೋ ಓವರ್‌ಲೇಗಳು, ಮದರ್‌ಬೋರ್ಡ್ ಜೊತೆ ಬರೋ ಸೌಂಡ್ ಎಫೆಕ್ಟ್ ಸಾಫ್ಟ್‌ವೇರ್‌ಗಳು ಬೇರೆ ಪ್ರೋಗ್ರಾಮ್ ಒಳಗೆ ಕೈ ಹಾಕೋ ಜಾತಿಯವು, ಅವನ್ನ ತೆಗೀರಿ. ಇವೆಂಟ್ ವ್ಯೂವರಲ್ಲಿ ಡಿಸ್ಪ್ಲೇ 4101 ಇದ್ರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ನಿಂತು ವಿಂಡೋಸ್ ಅದನ್ನ ರೀಸೆಟ್ ಮಾಡಿದೆ ಅಂತ ಅರ್ಥ, ಮಾಮೂಲಿ 2 ಸೆಕೆಂಡ್ ಕಾಯುತ್ತೆ, ಅಷ್ಟರಲ್ಲಿ ಕಾರ್ಡ್ ಉಸಿರೆತ್ತದಿದ್ರೆ ರೀಸೆಟ್. ಆಗ ಡಿಡಿಯು ಅನ್ನೋ ಟೂಲಲ್ಲಿ ಡ್ರೈವರ್ ಪೂರ್ತಿ ಒರೆಸಿ ಹೊಸದಾಗಿ ಹಾಕಿ. ಇಷ್ಟಾದ ಮೇಲೂ ಬೀಳೋ ಜಾಗ ಬದಲಾಗ್ತಾನೇ ಇದ್ರೆ ಸ್ಕ್ರೂಡ್ರೈವರ್ ತಗೊಳ್ಳಿ.

ರ‍್ಯಾಮಿಂದ ಶುರು. ರ‍್ಯಾಮ್ ಡಬ್ಬದ ಮೇಲೆ 3200 ಅಂತಲೋ 6000 ಅಂತಲೋ ದೊಡ್ಡದಾಗಿ ಬರೆದಿರುತ್ತಲ್ಲ, ಅದು ಸುಮ್ಮನೆ ಹಾಕಿದ್ರೆ ಬರೋ ಸ್ಪೀಡ್ ಅಲ್ಲದೇ ಇರೋದೇ ಜಾಸ್ತಿ. ಸುಮ್ಮನೆ ಹಾಕಿದ್ರೆ ಡಿಡಿಆರ್4 ಹೆಚ್ಚಾಗಿ 2133, 2400 ಅಥವಾ 2666ರಲ್ಲಿ ಏಳುತ್ತೆ, ಡಿಡಿಆರ್5 ಆದ್ರೆ 4800 ಆಸುಪಾಸು. ಬಯೋಸಲ್ಲಿ, ಅಂದ್ರೆ ಮದರ್‌ಬೋರ್ಡಿನ ಸೆಟ್ಟಿಂಗಲ್ಲಿ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನೋದನ್ನ ಆನ್ ಮಾಡಿದ್ರೇನೇ ಡಬ್ಬದ ಸ್ಪೀಡ್, ಅದು ಲೆಕ್ಕಕ್ಕೆ ಓವರ್‌ಕ್ಲಾಕೇ. ನಾನು ಮಾಡಿದ ಘನಕಾರ್ಯ ಏನಂದ್ರೆ ಮೊದಲಿದ್ದ 8 ಜಿಬಿ ಸಾಲಲ್ಲ ಅಂತ ಮೈಸೂರಿಂದ ಇನ್ನೊಂದು 8 ಜಿಬಿ ಕಡ್ಡಿ ತಂದು ಪಕ್ಕದಲ್ಲಿ ಚುಚ್ಚಿದ್ದು, ಸ್ಪೀಡ್ ನಂಬರ್ ಒಂದೇ, ಕಂಪನಿ ಬೇರೆ, ಒಳಗಿನ ಚಿಪ್ ಬೇರೆ. ಎತ್ತಿನ ಜೋಡಿಲಿ ಒಂದು ಕರು ಕಟ್ಟಿದ ಹಾಗೆ. ಬ್ರೌಸರ್, ಎಡಿಟಿಂಗ್ ಎಲ್ಲಾ ಮೇಲ್ನೋಟಕ್ಕೆ ಸರಿಯಾಗೇ ನಡೀತಿತ್ತು.

ಟೆಸ್ಟ್ ಮಾಡೋಕೆ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಫ್ರೀಯಾಗಿ ಸಿಗುತ್ತೆ, ವಿಂಡೋಸ್ ಇಲ್ಲದೆ ನೇರ ಪೆನ್‌ಡ್ರೈವಿಂದ ಬೂಟ್ ಆಗುತ್ತೆ. ವಿಂಡೋಸ್ ಒಳಗೇ ಇರೋ ಮೆಮೊರಿ ಡಯಾಗ್ನಾಸ್ಟಿಕ್ ತುಂಬಾ ಮೆದು, ಅದರಲ್ಲಿ ಪಾಸ್ ಆಯ್ತು ಅಂತ ಖುಷಿ ಪಡಬೇಡಿ. ರಾತ್ರಿ ಹಾಕಿ ಮಲಗಿ, ನಾಲ್ಕು ಸುತ್ತು ಮುಗೀಬೇಕು. ನಾನು ಹಾಕಿ ಮಲಗಿದವನು ಎರಡೂವರೆಗೆ ಎದ್ದು ನೋಡಿದ್ರೆ ಕಪ್ಪು ಸ್ಕ್ರೀನಲ್ಲಿ ಕೆಂಪು ಸಾಲು, ಹನ್ನೊಂದು ಎರರ್. ಕೆಲವರು ಕೇಳ್ತಾರೆ ಹನ್ನೊಂದೇ ಅಲ್ವಾ, ಪರವಾಗಿಲ್ವಾ ಅಂತ. ಒಂದೇ ಒಂದು ಬಂದ್ರೂ ಫೇಲು, ಇದರಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಆಮೇಲೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಹಾಕಿದೆ, ಸೊನ್ನೆ. ಒಂದೊಂದೇ ಕಡ್ಡಿ ಎಕ್ಸ್‌ಎಂಪಿ ಆನ್ ಮಾಡಿ ಒಂದೇ ಸ್ಲಾಟಲ್ಲಿ ಹಾಕಿ ನೋಡಿದೆ, ಎರಡೂ ಸೊನ್ನೆ. ಅಂದ್ರೆ ಯಾವ ಕಡ್ಡಿಯೂ ಸತ್ತಿಲ್ಲ, ಎರಡೂ ಸೇರಿ ಆ ಸ್ಪೀಡಲ್ಲಿ ಓಡೋಕಾಗ್ತಿಲ್ಲ ಅಷ್ಟೇ. ಈ ತರ ಬಿಡಿಸಿ ನೋಡದೆ ಕಡ್ಡಿ ತಗೊಂಡು ಹೋಗಿ ಅಂಗಡಿಯವರ ಹತ್ರ ಜಗಳ ಆಡಿದ್ದಿದ್ರೆ ನಾನೇ ಪೆಚ್ಚಾಗ್ತಿದ್ದೆ.

ನಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ, ಥಂಡಿ. ಜೂನ್ ಬಂತು ಅಂದ್ರೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಲೆನ್ಸ್ ಒಳಗೆ ಫಂಗಸ್, ಹಾಗಿರುವಾಗ ಪಿಸಿ ಮಾತ್ರ ಹೇಗೆ ಬಿಟ್ಟೀತು. ಕಡ್ಡಿ ತೆಗೆದು ನೋಡಿದ್ರೆ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಕಟ್ಟಿರುತ್ತೆ. ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಮೆಲ್ಲಗೆ ಉಜ್ಜೋದು ಊರೆಲ್ಲಾ ಮಾಡೋ ಮದ್ದು, ಕೆಲಸ ಮಾಡುತ್ತೆ, ಆದ್ರೆ ಜೋರಾಗಿ ಉಜ್ಜಿದ್ರೆ ಬಂಗಾರದ ಲೇಪನವೇ ಹೋಗುತ್ತೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆ ಇದ್ರೆ ಅದೇ ವಾಸಿ. ಸುಮ್ಮನೆ ಕಡ್ಡಿ, ಗ್ರಾಫಿಕ್ಸ್ ಕಾರ್ಡ್, ಪವರ್ ಕೇಬಲ್ ಎಲ್ಲಾ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿದ್ರೇ ಎಷ್ಟೋ ಮೆಷಿನ್ ಸರಿ ಹೋಗಿದ್ದು ನೋಡಿದೀನಿ, ಜೀಪಲ್ಲಿ ಆ ರೋಡಲ್ಲಿ ಹಾಕ್ಕೊಂಡು ತಿರುಗಿದ್ರೆ ಸಡಿಲ ಆಗದೇ ಇರುತ್ತಾ. ವಾರಗಟ್ಟಲೆ ಬಳಸದೆ ಇಟ್ಟ ಪಿಸಿನ ಮಳೆಗಾಲದಲ್ಲಿ ನೇರ ಮದುವೆಗೆ ತಗೊಂಡು ಹೋಗ್ಬೇಡಿ, ಹಿಂದಿನ ದಿನ ಮನೆಲಿ ಒಂದೆರಡು ಗಂಟೆ ಆನ್ ಇಟ್ಟು ಬೆಚ್ಚಗೆ ಮಾಡಿ.

ಇಷ್ಟೆಲ್ಲಾ ಆದ್ಮೇಲೂ ಆವತ್ತಿನ ಮೂರನೇ ಬೀಳು, ಆ ಇಡೀ ಪಿಸಿ ರೀಸ್ಟಾರ್ಟ್ ಆಗಿದ್ದು, ಅದು ರ‍್ಯಾಮ್ ಲೆಕ್ಕಕ್ಕೆ ಕೂರ್ತಾ ಇರಲಿಲ್ಲ. ಇವೆಂಟ್ ವ್ಯೂವರಲ್ಲಿ ಅದರ ಎದುರು ಕರ್ನಲ್-ಪವರ್ 41 ಅಂತ ಒಂದೇ ಇತ್ತು. ಸುಮಾರು ಜನ ಇದನ್ನ ನೋಡಿ ಪವರ್ ಸಪ್ಲೈ ಹೋಗಿದೆ ಅಂತ ತೀರ್ಮಾನ ಮಾಡ್ತಾರೆ. 41 ಹೇಳೋದು ಇಷ್ಟೇ, ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ಏಳ್ತಿದೆ ಅಂತ. ಸ್ವಿಚ್ ಒತ್ತಿ ಹಿಡಿದು ಆಫ್ ಮಾಡಿದ್ರೂ ಅದೇ ಬರುತ್ತೆ. ಹಾಗಾಗಿ ಅದರ ಮೇಲೆ ಕೆಳಗೆ ಏನಿದೆ ನೋಡ್ಬೇಕು. ಜೊತೆಲಿ ಡಬ್ಲ್ಯೂಎಚ್‌ಇಎ-ಲಾಗರ್ ಅಂತ ಇದ್ರೆ ಅದು ಪ್ರೊಸೆಸರೋ ಮದರ್‌ಬೋರ್ಡೋ ತಾನಾಗೇ ಕೊಟ್ಟ ಕಂಪ್ಲೇಂಟು, 18 ಅಂದ್ರೆ ಸಾಯೋ ಅಂಥ ಏಟು, 19 ಅಂದ್ರೆ ತಪ್ಪಾಯ್ತು ಸರಿ ಮಾಡ್ಕೊಂಡೆ ಅಂತ. ನನ್ನದರಲ್ಲಿ ಏನೂ ಇಲ್ಲ, ಖಾಲಿ. ಒಂದು ಅಕ್ಷರ ಬರೆಯೋಕೂ ಟೈಮ್ ಸಿಗದೆ ಹೋಗಿದೆ.

ಅದೇ ಮಂಟಪದಲ್ಲಿ ಮುಂದಿನ ತಿಂಗಳು ಇನ್ನೊಂದು ಮದುವೆ ಇತ್ತು, ಪ್ಲಗ್ಗಿಗೆ ಚುಚ್ಚಿದ್ರೆ ವೋಲ್ಟೇಜ್ ತೋರಿಸೋ ಪುಟ್ಟ ಮೀಟರ್ ತಗೊಂಡು ಹೋದೆ. ಬೆಳಗ್ಗೆ 224. ಸ್ಟೇಜ್ ಲೈಟೆಲ್ಲಾ ಹಾಕಿದಾಗ 196. ಊಟದ ಹೊತ್ತಿಗೆ ಹಿಂದಗಡೆ ಅಡುಗೆ ಮನೆಲಿ ದೊಡ್ಡ ಗ್ರೈಂಡರ್ ಆನ್ ಆಗಿದ್ದೇ 172, ಮೀಟರ್ ಅಂಕಿ ಕುಣೀತಿದೆ. ಜನರೇಟರ್ ನೋಡ್ಕೊಳ್ಳೋ ಅಣ್ಣನ ಹತ್ರ ಹೋದೆ.

"ಅಣ್ಣಾ, ನನ್ನ ಟೇಬಲ್ ಲೈನ್ ಎಲ್ಲಿಂದ ಬಂದಿದೆ?"

"ಅಡುಗೆ ಮನೆ ಬೋರ್ಡಿಂದಾನೇ, ಯಾಕೆ?"

"ಗ್ರೈಂಡರ್ ಹಾಕಿದ್ರೆ ನನ್ನ ಕಂಪ್ಯೂಟರ್ ಹೋಗ್ತಿದೆ."

"ನಿಂದು ಕಂಪ್ಯೂಟರ್ ಹೋದ್ರೆ ಫೋನ್ ಬರುತ್ತೆ, ಗ್ರೈಂಡರ್ ನಿಂತ್ರೆ ಊಟ ನಿಲ್ಲುತ್ತೆ, ಯಾವುದು ಬೇಕು ಹೇಳು."

ನ್ಯಾಯವಾದ ಮಾತು. ಆದ್ರೂ ಆ ಪುಣ್ಯಾತ್ಮ ಮೈನ್ ಬೋರ್ಡ್ ಪಕ್ಕದಿಂದ ಬೇರೆ ವೈರ್ ಎಳೆದು ಕೊಟ್ಟ, ಗ್ರೈಂಡರ್ ಓಡುವಾಗಲೂ 205ಕ್ಕಿಂತ ಕೆಳಗೆ ಬರಲಿಲ್ಲ.

ಎಸ್‌ಎಂಪಿಎಸ್ ಅಂದ್ರೆ ಪಿಸಿಯ ಪವರ್ ಸಪ್ಲೈ, ಅದರ ಸ್ಟಿಕ್ಕರ್ ಓದಿ ನೋಡಿ ಒಂದ್ಸಲ. ಒಳ್ಳೇದರ ಮೇಲೆ 100ರಿಂದ 240 ವೋಲ್ಟ್ ಅಂತಿರುತ್ತೆ, ಅಗ್ಗದ ಕೆಲವದರ ಮೇಲೆ 200ರಿಂದ 240 ಅಂತ ಮಾತ್ರ, ಅಂಥದ್ದಕ್ಕೆ 172 ಕೊಟ್ಟು ಲೈವ್ ಮಾಡು ಅಂದ್ರೆ ಹೇಗೆ ಮಾಡುತ್ತೆ. ನಂದು ಎರಡನೇ ಜಾತಿದು. ಇನ್ನೊಂದು, ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನ ಒಳಗಿರೋ ಕೆಪ್ಯಾಸಿಟರ್ ಬಲದ ಮೇಲೆ ಉಸಿರು ಹಿಡಿಯೋದು ಸುಮಾರು 16 ಮಿಲಿಸೆಕೆಂಡ್, ನಮ್ಮ 50 ಹರ್ಟ್ಸ್ ಕರೆಂಟಲ್ಲಿ ಒಂದು ಸುತ್ತು ಅಂದ್ರೆ 20 ಮಿಲಿಸೆಕೆಂಡ್, ಅದಕ್ಕಿಂತಲೂ ಕಮ್ಮಿ. ಮನೆ ಇನ್ವರ್ಟರ್ ಹಿಂದೆ ಯುಪಿಎಸ್, ಇಕೋ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ ಸಾಮಾನ್ಯವಾಗಿ, ಯಾರೂ ಮುಟ್ಟಿರಲ್ಲ. ಯುಪಿಎಸ್ ಕಡೆ ಇದ್ರೆ ಹತ್ತು ಮಿಲಿಸೆಕೆಂಡ್ ಆಸುಪಾಸಲ್ಲಿ ಬ್ಯಾಟರಿಗೆ ಹೊರಳುತ್ತೆ, ಇನ್ನೊಂದು ಕಡೆ ಇದ್ರೆ ಅದರ ಎರಡು ಮೂರು ಪಟ್ಟು ತಗೊಳ್ಳುತ್ತೆ, ಫ್ಯಾನು ಲೈಟಿಗೆ ಏನೂ ಗೊತ್ತಾಗಲ್ಲ, ಪಿಸಿ ಸತ್ತೇ ಹೋಗುತ್ತೆ. ಎಸ್ಟೇಟ್ ಮನೆಗಳಿಂದ ಲೈವ್ ಮಾಡೋರು ಮೊದಲು ಆ ಸ್ವಿಚ್ ನೋಡಿ. ಚೌಕ ಅಲೆಯ ಹಳೇ ಇನ್ವರ್ಟರ್ ಆಗಿದ್ರೆ ಕೆಲವು ಒಳ್ಳೇ ಎಸ್‌ಎಂಪಿಎಸ್‌ಗಳೇ ಅದನ್ನ ಒಪ್ಪಲ್ಲ, ಸೈನ್ ವೇವ್ ಇನ್ವರ್ಟರೇ ಬೇಕು.

ಯುಪಿಎಸ್ ಇದ್ರೂ ಜನರೇಟರ್ ಮೇಲೆ ಒಂದು ಆಟ ಇದೆ. ಜನರೇಟರಿನ ಫ್ರೀಕ್ವೆನ್ಸಿ ಕುಣಿದ್ರೆ ಯುಪಿಎಸ್ ಅದನ್ನ ಕರೆಂಟ್ ಅಂತಲೇ ಒಪ್ಪಲ್ಲ, ಬ್ಯಾಟರಿ ಮೇಲೇ ಕೂತಿರುತ್ತೆ, ಬೀಪ್ ಬೀಪ್ ಅಂತ ಹದಿನೈದು ನಿಮಿಷ ಬಡ್ಕೊಂಡು ಆಫ್. ವಾಲಗದ ಸದ್ದಲ್ಲಿ ಆ ಬೀಪ್ ಯಾರಿಗೆ ಕೇಳುತ್ತೆ? ಅರ್ತಿಂಗ್ ಇಲ್ಲದ ಸಾಕೆಟ್ ಇನ್ನೊಂದು ಕಾಟ, ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತಲ್ಲ, ಆ ಜುಂ ಎಚ್‌ಡಿಎಂಐ ಕೇಬಲ್ ಮೂಲಕ ಕ್ಯಾಮೆರಾದವರೆಗೂ ಹೋಗುತ್ತೆ, ಕ್ಯಾಪ್ಚರ್ ಕಾರ್ಡ್ ಇದ್ದಕ್ಕಿದ್ದ ಹಾಗೆ ಡಿಸ್‌ಕನೆಕ್ಟ್ ಆಗೋಕೆ ಅದೂ ಒಂದು ಕಾರಣ. ಕ್ಯಾಪ್ಚರ್ ಕಾರ್ಡನ್ನ ಯುಎಸ್‌ಬಿ ಹಬ್‌ಗೆ ಹಾಕ್ಬೇಡಿ, ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೇ ಹಾಕಿ.

ಬಿಸಿ ಬಗ್ಗೆ ಜಾಸ್ತಿ ಹೇಳಲ್ಲ. ಈಗಿನ ಪ್ರೊಸೆಸರ್‌ಗಳು ಬಿಸಿ ಆದ್ರೆ ಮೊದಲು ನಿಧಾನ ಆಗುತ್ತವೆ, ಆಮೇಲೂ ತಡೀದಿದ್ರೆ ಆಫ್ ಆಗುತ್ತವೆ, ಹಾಗಾಗಿ ಓಬಿಎಸ್ ಒಂದೇ ಮಾಯ ಆಗೋಕೆ ಬಿಸಿ ನೇರ ಕಾರಣ ಆಗೋದು ಅಪರೂಪ. ಆದ್ರೆ ಅಂಚಲ್ಲಿರೋ ರ‍್ಯಾಮ್, ಅಂಚಲ್ಲಿರೋ ಕಾರ್ಡ್ ಬಿಸಿಗೆ ಬೇಗ ಕೈ ಕೊಡುತ್ತೆ. ಕೊಡಗು ತಂಪು ಅಂತ ಧೈರ್ಯ ಬೇಡ. ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದ್ರೆ ಹಾಕಿ ಹಬ್ಬ, ನಡೆಯೋದೇ ಬೇಸಿಗೆಲಿ, 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು 2024ರಲ್ಲಿ ನಾಪೋಕ್ಲಲ್ಲಿ 360 ತಂಡ ಆಯ್ತು, ಅಂಥ ಕಡೆ ದಿನವಿಡೀ ಶೀಟ್ ಕೆಳಗೆ, ಮಣ್ಣಿನ ಧೂಳಲ್ಲಿ, ವಾರಗಟ್ಟಲೆ ಮೆಷಿನ್ ಓಡ್ಬೇಕು ಅಂದ್ರೆ ಸಂಜೆ ಫ್ಯಾನ್ ಧೂಳು ಊದೋದು ಹಲ್ಲು ಉಜ್ಜಿದ ಹಾಗೆ ಮಾಡ್ಬೇಕು.

ಪ್ರೊಸೆಸರೇ ಕೆಡೋದು ಅಪರೂಪ ಅಂತ ಎಲ್ಲರೂ ಹೇಳ್ತಿದ್ವಿ, 2024ರವರೆಗೆ. ಇಂಟೆಲ್‌ನ 13 ಮತ್ತು 14ನೇ ಜನರೇಶನ್ನಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಒಳಗಿನ ಪುಟ್ಟ ಪ್ರೋಗ್ರಾಮ್ ಮೈಕ್ರೊಕೋಡ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳ್ತಿದೆ, ಅದರಿಂದ ಚಿಪ್ ಸವೀತಿದೆ ಅಂತ ಆ ವರ್ಷ ಇಂಟೆಲ್ಲೇ ಒಪ್ಕೊಂಡಿತು. ಆಗಸ್ಟಲ್ಲಿ 0ಎಕ್ಸ್129, ಸೆಪ್ಟೆಂಬರಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೊಕೋಡ್ ಬಿಟ್ಟರು, ವಾರಂಟಿನ ಎರಡು ವರ್ಷ ಜಾಸ್ತಿ ಮಾಡಿದ್ರು. ಅದರ ಲಕ್ಷಣವೂ ಇದೇ, ಫೈಲ್ ಬಿಚ್ಚುವಾಗ ಎರರ್, ವೀಡಿಯೋ ಮೆಮೊರಿ ಸಾಲಲ್ಲ ಅಂತ ಸುಳ್ಳು ಮೆಸೇಜ್, ಎಲ್ಲೆಂದ್ರಲ್ಲಿ ಕ್ರ್ಯಾಶ್. ಬಯೋಸ್ ಅಪ್‌ಡೇಟ್ ಮಾಡಿದ್ರೆ ಮುಂದೆ ಸವೆಯೋದು ತಡೆಯುತ್ತೆ, ಆಗಲೇ ಸವೆದಿರೋದು ವಾಪಸ್ ಬರಲ್ಲ, ಆಗ ಚಿಪ್ ಬದಲಾಯಿಸ್ಕೊಳ್ಳೋದೇ ದಾರಿ. ಸೆಕೆಂಡ್ ಹ್ಯಾಂಡ್ ಐ9 ಅಗ್ಗಕ್ಕೆ ಸಿಕ್ತು ಅಂತ ಬೆಂಗಳೂರಿಂದ ತರೋರು ಇದನ್ನ ನೆನಪಿಟ್ಕೊಳ್ಳಿ. ಎಎಂಡಿ ಪ್ರೊಸೆಸರ್ ಇರೋರು ವೋಲ್ಟೇಜ್ ಇಳಿಸೋ ಕರ್ವ್ ಆಪ್ಟಿಮೈಸರಲ್ಲಿ ಯಾರೋ ಹೇಳಿದ್ರು ಅಂತ ಮೈನಸ್ 30 ಹಾಕಿದ್ರೆ ಟೆಸ್ಟೆಲ್ಲಾ ಪಾಸ್ ಆಗಿ, ಸುಮ್ಮನೆ ಕೂತಾಗ ಮೆಷಿನ್ ಬೀಳಬಹುದು. ಅನುಮಾನ ಇದ್ದಾಗ ಬಯೋಸಲ್ಲಿ ಎಲ್ಲವನ್ನೂ ಡೀಫಾಲ್ಟಿಗೆ ತಂದೇ ಟೆಸ್ಟ್ ಶುರು ಮಾಡಿ.

ಬೇಕಂತಲೇ ಹಿಂಸೆ ಕೊಟ್ಟು ನೋಡೋ ಟೂಲ್‌ಗಳಿವೆ. ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪ್ರೊಸೆಸರಿಗೆ, ಬ್ಲೆಂಡ್ ರ‍್ಯಾಮ್ ಸೇರಿಸಿ, ಫರ್‌ಮಾರ್ಕ್ ಗ್ರಾಫಿಕ್ಸ್ ಕಾರ್ಡಿಗೆ, ಓಸಿಸಿಟಿಯ ಪವರ್ ಟೆಸ್ಟ್ ಎರಡನ್ನೂ ಒಟ್ಟಿಗೆ ಎಳೆದು ಎಸ್‌ಎಂಪಿಎಸ್ ಬೆವರಿಳಿಸುತ್ತೆ. ಬೇರೆ ಬೇರೆಯಾಗಿ ಹಾಕಿದಾಗ ಸರಿ ಇದ್ದು ಎರಡೂ ಸೇರಿದಾಗ ಮಾತ್ರ ರೀಸ್ಟಾರ್ಟ್ ಆದ್ರೆ ಎಸ್‌ಎಂಪಿಎಸ್ ಮೇಲೆ ಕಣ್ಣಿಡಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಬದಲಾಯಿಸಿದ ಮೇಲೆ ಎಷ್ಟು ಹೊತ್ತು ಕಾಯ್ಬೇಕು ಅಂತ ಯಾರೂ ಹೇಳಲ್ಲ. ನಿಮ್ಮ ಮೆಷಿನ್ ಸರಾಸರಿ 4 ಗಂಟೆಗೊಂದು ಸಲ ಬೀಳ್ತಿತ್ತು ಅಂದ್ಕೊಳ್ಳಿ. ಡ್ರೈವರ್ ಬದಲಾಯ್ಸಿ 4 ಗಂಟೆ ಓಡಿಸಿದ್ರಿ, ಬೀಳಲಿಲ್ಲ, ಸರಿ ಹೋಯ್ತು ಅಂತ ಮಲಗಿದ್ರಿ. ಯಾವ ಗೊತ್ತುಗುರಿಯೂ ಇಲ್ಲದೆ ಬೀಳೋ ಮೆಷಿನ್ ಆದ್ರೆ, ಏನೂ ಸರಿ ಹೋಗದೇ ಇದ್ರೂ ಹಾಗೆ 4 ಗಂಟೆ ಬೀಳದೆ ದಾಟೋ ಚಾನ್ಸ್ ನೂರಕ್ಕೆ 37 ಇದೆ. ಮೂರು ಪಟ್ಟು, ಅಂದ್ರೆ 12 ಗಂಟೆ ಓಡಿಸಿದ್ರೆ ಬರೀ ಅದೃಷ್ಟದಿಂದ ದಾಟೋ ಚಾನ್ಸ್ ನೂರಕ್ಕೆ 5ಕ್ಕೆ ಇಳಿಯುತ್ತೆ. ನಾನು ಮೊದಲ ಎರಡು ವಾರದಲ್ಲಿ ಮೂರು ಸಲ "ಸಿಕ್ತು ಕಣೋ" ಅಂತ ಕುಣಿದಿದ್ದು ಆ 37ರ ದೆಸೆಯಿಂದ.

ಹುಡುಕೋದು ಮುಗಿಯೋವರೆಗೆ ಮದುವೆಗಳಂತೂ ನಿಲ್ಲಲ್ಲ. ರೆಕಾರ್ಡಿಂಗ್ ಎಂಪಿ4ಗೆ ಇಟ್ಟಿದ್ರೆ ಇವತ್ತೇ ಎಂಕೆವಿಗೆ ಬದಲಾಯಿಸಿ, ಮಾಮೂಲಿ ಎಂಪಿ4 ಮಧ್ಯದಲ್ಲಿ ಕ್ರ್ಯಾಶ್ ಆದ್ರೆ ಫೈಲ್ ಪೂರ್ತಿ ಕೈ ಬಿಟ್ಟ ಹಾಗೆ, ಎಂಕೆವಿ ಆದ್ರೆ ಬೀಳೋವರೆಗಿನದು ಉಳಿಯುತ್ತೆ, ಆಮೇಲೆ ಓಬಿಎಸಲ್ಲೇ ರೀಮಕ್ಸ್ ಮಾಡಿ ಎಂಪಿ4 ಮಾಡ್ಕೋಬಹುದು. ಕ್ಯಾಮೆರಾದ ಕಾರ್ಡಲ್ಲೂ ರೆಕಾರ್ಡ್ ಓಡ್ತಾ ಇರಲಿ. ಮುಹೂರ್ತದ ಹೊತ್ತಿಗೆ ಒಂದು ಫೋನ್ ಟ್ರೈಪಾಡ್ ಮೇಲೆ ರೆಡಿ ಇಡಿ.

ನಾನು ಕೊನೆಗೆ ಎರಡು ಕಡ್ಡಿಯನ್ನೂ ಮಾರಿ ಒಂದೇ ಡಬ್ಬದಲ್ಲಿ ಜೋಡಿಯಾಗಿ ಬರೋ 16 ಜಿಬಿ ತಗೊಂಡೆ, ಎಸ್‌ಎಂಪಿಎಸ್ ಬದಲಾಯಿಸಿದೆ, ವೋಲ್ಟೇಜ್ ಮೀಟರ್ ಈಗ ಬ್ಯಾಗಲ್ಲಿ ಎಚ್‌ಡಿಎಂಐ ಕೇಬಲ್ ಜೊತೆ ಪರ್ಮನೆಂಟು. ಮೊನ್ನೆ ಪೊನ್ನಂಪೇಟೆ ಹತ್ರ ಒಂದು ಮದುವೆ, ದುಬೈ ಚಿಕ್ಕಮ್ಮನ ಕಡೆಯವರದ್ದೇ, ಪಿಸಿ 6 ಗಂಟೆ 10 ನಿಮಿಷ ಒಂದೇ ಸಮ ಓಡ್ತು, ಮೀಟರ್ 198ಕ್ಕಿಂತ ಕೆಳಗೆ ಇಳಿಯಲಿಲ್ಲ. ಸಂಜೆ ವಾಟ್ಸಾಪಲ್ಲಿ ಚಿಕ್ಕಮ್ಮನ ಮೆಸೇಜ್ ಬಂತು, ವೀಡಿಯೋ ಪರವಾಗಿಲ್ಲ, ವಾಲಗದ ಸೌಂಡ್ ಸ್ವಲ್ಪ ಕಮ್ಮಿ ಇತ್ತು ಅಂತ.